ತೊಳೆದ ಸೀಸೆ

ಆವತ್ತು ನಮ್ಮ ಪಡಸಾಲೆಯಲ್ಲಿ ಐದು ಜನ ಇದ್ದೆವು. ಕಿಟಕಿಯ ಬದಿಯ ಕುರ್ಚಿಯಲ್ಲಿ ನಮ್ಮ ಮನೆಯವರು, ಮುಖ ಕಾಣದ ಹಾಗೆ ಪೇಪರು ಹರವಿಕೊಂಡು. ನೆಲದ ಮೇಲೆ ಕಾಲು ಚಾಚಿ ನನ್ನ ನಾದಿನಿ, ಹಿಂದಿನ ದಿನವಷ್ಟೇ ಕುಷ್ಟಗಿಯಿಂದ ಬಂದವಳು, ಕೈಯಲ್ಲಿ ಫೋನು. ಬಾಗಿಲ ಹತ್ತಿರದ ದಿವಾನದ ಮೇಲೆ ಎದುರು ಮನೆಯ ಮುದುಕಿ, ನಾವೆಲ್ಲ ಖಾಲಾ ಎಂದು ಕರೆಯುವಾಕೆ. ಕಣ್ಣಿನ ಆಪರೇಷನ್ ಆಗಿ ತಿಂಗಳಾಗುತ್ತ ಬಂದಿದ್ದರೂ ಕರಿ ಕನ್ನಡಕ ಬಿಟ್ಟಿರಲಿಲ್ಲ. ಆಕೆಯ ಪಕ್ಕದಲ್ಲಿ ಆಕೆಯ ಸೊಸೆ. ನಾನು ಎಲ್ಲರಿಗೂ ಚಹಾ ಕೊಟ್ಟು, ಖಾಲಿ ತಾಟು ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ.

ಖಾಲಾ ತನ್ನ ಎಣ್ಣೆಯ ಸೀಸೆ ಒಯ್ಯಲು ಬಂದಿದ್ದಳು. ಆಪರೇಷನ್ನಿಗೆ ಹೋಗುವಾಗ ನನ್ನ ಕೈಯಲ್ಲಿ ಕೊಟ್ಟು ಹೋದ ಸೀಸೆ. ಅದು ನಮ್ಮ ಕಿಟಕಿಯಲ್ಲೇ ಇತ್ತು, ಆಕೆ ಕೂತಲ್ಲಿಂದ ಎಂಟು ಹೆಜ್ಜೆ. ಬೆಳಗಿನ ಬಿಸಿಲು ಅದರೊಳಗಿಂದ ಹಾದು ಗೋಡೆಯ ಮೇಲೆ ನೀಲಿ ಬೆಳಕು ಚೆಲ್ಲಿತ್ತು. ಖಾಲಾ ಎರಡು ಸಲ ಆ ಕಡೆ ನೋಡಿದಳು. ತನ್ನದೆಂದು ಗುರುತು ಹತ್ತಲಿಲ್ಲ.

ಹಳೆ ಗಾಜಿನ ಬಾಟಲಿ ಕೂಡಿಡುವ ಹುಚ್ಚು ನನಗೆ ಹಿಡಿದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸು. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಶುರು, ಆಮೇಲೆ ಕುಷ್ಟಗಿ, ಆಮೇಲೆ ಗಂಗಾವತಿ, ಕಡೆಗೆ ಅಳವಂಡಿ. ನಾನು ಸೇರಿದ ಕಾಲಕ್ಕೆ ಔಷಧ ಗಾಜಿನಲ್ಲೇ ಇರುತ್ತಿತ್ತು. ಕೆಮ್ಮಿನವರು, ಹೊಟ್ಟೆನೋವಿನವರು ಮನೆಯಿಂದಲೇ ಖಾಲಿ ಬಾಟಲಿ ತಂದು ಸಾಲು ಹಚ್ಚಿ ನಿಲ್ಲುತ್ತಿದ್ದರು. ಕಂಪೌಂಡರರು ದೊಡ್ಡ ಜಾಡಿಯಿಂದ ಕೆಂಪು ನೀರು ಸುರಿದು, ಕಾಗದವನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿನ ಔಷಧ. ಆ ಕೋಣೆ ಮುಚ್ಚಿ ಎಲ್ಲ ಗುಳಿಗೆಗೆ ಇಳಿದಾಗ, ಅಲ್ಲಿದ್ದ ಗಾಜನ್ನೆಲ್ಲ ಹಿತ್ತಲ ತಗ್ಗಿಗೆ ಚೆಲ್ಲಲು ಬುಟ್ಟಿ ತುಂಬುತ್ತಿದ್ದರು. ಬುಟ್ಟಿಯಿಂದ ಒಂದು ಆರು ಮೂಲೆಯ ನೀಲಿ ಬಾಟಲಿ ಎತ್ತಿ ಕಂಪೌಂಡರರು ನನ್ನ ಕೈಗಿಟ್ಟರು.

"ಮುಟ್ಟಿ ನೋಡ್ರಿ ಸಿಸ್ಟರ್, ಮೈಮ್ಯಾಲೆ ಗೀರು ಅದಾವ. ಲೈಟ್ ಹೋದಾಗ ಕೈಗೆ ಗೊತ್ತಾಗಬೇಕಲ್ಲ, ಇದು ವಿಷದ್ದು ಅಂತ. ಮನಿಗೆ ಒಯ್ರಿ, ಹೂವಾ ಇಡ್ರಿ. ವಿಷಕ್ಕೂ ಒಂದ್ ಛಲೋ ದಿನಾ ಬರಲಿ."

ಅದೇ ಮೊದಲನೆಯದು. ಆಮೇಲೆ ವರ್ಗವಾದ ಊರಿಗೊಂದು ನೆಂಟಸ್ತನ ಬೆಳೆದ ಹಾಗೆ ಊರಿಗೊಂದಿಷ್ಟು ಬಾಟಲಿ. ಗಂಗಾವತಿಯ ಗುಜರಿ ಅಂಗಡಿಯ ಸಾಹೇಬರು ನನ್ನ ಸಲುವಾಗಿ ಒಂದು ಗೋಣಿಚೀಲ ಬೇರೆ ಇಟ್ಟಿದ್ದರು. ಅದರೊಳಗೆ ಗೋಲಿ ಸೋಡಾದವು, ಅತ್ತರಿನವು, ಮಸಿ ಬಾಟಲಿಗಳು, ಬೂಚು ಬಿಗಿದ ಗುಲಾಬಿ ನೀರಿನವು. ಕಾಲುವೆ ಕಡೆಯ ಒಂದು ಆಂಧ್ರದ ರೈತರ ಕ್ಯಾಂಪಿಗೆ ಚುಚ್ಚುಮದ್ದು ಹಾಕಲು ಹೋದಾಗ, ಉಪ್ಪಿನಕಾಯಿ ಇದ್ದ ದಪ್ಪ ಹಸಿರು ಬಾಟಲಿಯ ಮೇಲೆ ನನ್ನ ಕಣ್ಣು ನಿಂತದ್ದು ನೋಡಿ ಒಬ್ಬ ಮುದುಕಿ, "ತೀಸ್ಕೋ ಅಮ್ಮಾ" ಎಂದು ಉಪ್ಪಿನಕಾಯಿಯನ್ನು ಡಬ್ಬಿಗೆ ಸುರಿದು ಕೊಟ್ಟೇಬಿಟ್ಟಳು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: "ಮಂದಿ ಮನಿ ಸಾಮಾನಕ್ಕ ಕೈ ಹಚ್ಚಿದ್ರ ಕೈ ತೊಳಕೊಳ್ಳಬಹುದು, ಕಣ್ಣ ಹಚ್ಚಿದ್ರ ಏನ್ ತೊಳೀತಿ?" ಅಜ್ಜಿಯ ಮಾತುಗಳನ್ನೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡೇ ಬೆಳೆದವಳು ನಾನು. ನಾಲಿಗೆಯಿಂದ ಕೆಳಗೆ ಎಷ್ಟು ಇಳಿದವೋ ಗೊತ್ತಿಲ್ಲ.

ರಿಟೈರ್ ಆಗಿ ಕೊಪ್ಪಳಕ್ಕೆ ಅಂಟಿದ ಭಾಗ್ಯನಗರದಲ್ಲಿ ಮನೆ ಕಟ್ಟಿದಾಗ ಮೂಡಣ ಗೋಡೆಗೆ ದೊಡ್ಡ ಕಿಟಕಿ ಬಿಡಿಸಿ, ಅದಕ್ಕೆ ಅಡ್ಡಡ್ಡ ಗಾಜಿನ ಹಲಗೆ ಹಾಕಿಸಿದೆ. ಒಂದರಲ್ಲಿ ಮನಿ ಪ್ಲಾಂಟಿನ ಕುಡಿ, ಒಂದರಲ್ಲಿ ಒಣಗಿದ ಜೋಳದ ತೆನೆ, ಒಂದರಲ್ಲಿ ಬಿರಿದ ಹತ್ತಿಕಾಯಿಯ ಕಡ್ಡಿ. ಬೆಳಿಗ್ಗೆ ಬಿಸಿಲು ಬಂದರೆ ಪಡಸಾಲೆಯ ನೆಲವೆಲ್ಲ ಬಣ್ಣ ಬಣ್ಣ. ನಮ್ಮ ಮನೆಯವರು ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮಂದಿ ಮನ್ಯಾಗ ದೇವರ ಕಟ್ಟಿ ಇರತೈತಿ, ನಮ್ಮನ್ಯಾಗ ಗುಜರಿ ಕಟ್ಟಿ. ಹೊಸಬರು ಬಂದ್ರ ಈ ಮನುಷ್ಯಾ ಎಷ್ಟ್ ಕುಡೀತಾನಪ್ಪಾ ಅಂತ ನನ್ನ ಮಾರಿ ನೋಡ್ತಾರ." ಜನ ನಗುತ್ತಿದ್ದರು. ನನಗೆ ಹೆಮ್ಮೆ.

ತಂದ ಬಾಟಲಿಯನ್ನು ತೊಳೆಯುವುದೇ ನನಗೆ ದೊಡ್ಡ ಸುಖ. ಬಿಸಿನೀರು, ಸೋಡಾ ಪುಡಿ, ಒಂದು ಮುಷ್ಟಿ ನುಚ್ಚಕ್ಕಿ ಹಾಕಿ ಗಡಗಡ ಅಲುಗಿಸುವುದು. ಒಳಗಿನ ಕಪ್ಪು ಬಿಟ್ಟು ಗಾಜಿನ ನಿಜ ಬಣ್ಣ ಹೊರಬೀಳುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಇಷ್ಟೆಲ್ಲ ಮಾಡುತ್ತಿದ್ದೆ ಎಂದು ಈಗ ಅನಿಸುತ್ತದೆ. ಮೂವತ್ತು ವರ್ಷ ಸಿರಿಂಜು ಕುದಿಸಿದ ಕೈ. ಕೊಳೆ ಕಂಡರೆ ಸುಮ್ಮನಿರುವ ಕೈಯಲ್ಲ.

ಖಾಲಾಳ ಕೈ ಬೇರೆ. ಕಾಲು ಉಳುಕಿದವರು, ಕುತ್ತಿಗೆ ಹಿಡಿದವರು, ಹೆಗಲು ಜಾರಿದವರು ಸುತ್ತ ನಾಲ್ಕು ತಾಲೂಕಿನಿಂದ ಆಕೆಯ ಮನೆ ಹುಡುಕಿಕೊಂಡು ಬರುತ್ತಿದ್ದರು. ಎಲುಬು ಮುರಿದಿದೆಯೋ ಬರೇ ನರ ಹೊರಳಿದೆಯೋ ಹೆಬ್ಬೆರಳಿನಿಂದಲೇ ಹೇಳುತ್ತಿದ್ದಳು. ಮುರಿದಿದ್ದರೆ ಮುಟ್ಟುತ್ತಿರಲಿಲ್ಲ, "ದೊಡ್ಡ ದವಾಖಾನಿಗೆ ಹೋಗ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ರೊಕ್ಕ ಮುಟ್ಟುತ್ತಿರಲಿಲ್ಲ. ಗುಣವಾದವರು ಒಂದಿಷ್ಟು ಎಳ್ಳೆಣ್ಣೆಯನ್ನೋ ಔಡಲೆಣ್ಣೆಯನ್ನೋ ತಂದು ಕೊಡಬೇಕು, ಅಷ್ಟೇ. ಆ ಎಣ್ಣೆಗೆ ಲಕ್ಕಿಸೊಪ್ಪು, ಬೆಳ್ಳುಳ್ಳಿ, ಇನ್ನೂ ಏನೇನೋ ಹಾಕಿ ಕಾಸಿ ತನ್ನ ಸೀಸೆಗೆ ಸುರಿಯುವಳು. ಸೀಸೆ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಬಾಯಿಗೆ ಅರಿವೆಯ ತುಂಡು, ಮೈಗೆ ಎಣ್ಣೆ ಧೂಳು ಹೊಗೆ ಸೇರಿ ದಪ್ಪನೆಯ ಕರಿ ಸಿಪ್ಪೆ. ಅದು ಗಾಜಿನದೋ ಮಣ್ಣಿನದೋ ಎಂದು ತಿಳಿಯದಷ್ಟು.

ಆ ಸೀಸೆಗೆ ಒಂದು ಕಟ್ಟಳೆ ಇತ್ತು. ಅದು ಎಂದೂ ಖಾಲಿ ಆಗಕೂಡದು. ತಳದಲ್ಲಿ ನಾಲ್ಕು ಬೆರಳು ಹಳೆ ಎಣ್ಣೆ ಇರುವಾಗಲೇ ಮೇಲೆ ಹೊಸದು ಬೀಳಬೇಕು. ಹಳೆಯದು ಹೊಸದಕ್ಕೆ ಹೆಪ್ಪು. ಖಾಲಾಳ ಅತ್ತೆ ಹಾಗೆ ಮಾಡಿದ್ದಳು, ಆ ಅತ್ತೆಯ ಅತ್ತೆಯೂ ಹಾಗೇ. ಅತ್ತೆ ಹೇಮಗುಡ್ಡದ ಕಡೆಯಿಂದ ಎರಡು ಬೇರು ತಂದು ಹಾಕುತ್ತಿದ್ದಳಂತೆ. ಯಾವ ಬೇರು ಎಂದು ಖಾಲಾಳಿಗೆ ತೋರಿಸುವ ಮೊದಲೇ ತೀರಿಕೊಂಡಳು. "ಆ ಬೇರು ನಾ ಕಣ್ಲೆ ಕಂಡಿಲ್ಲ ಬೇಟಿ. ಆದ್ರ ಅವುರ ಸಾರ ಈ ನಾಕ ಬೆರಳಿನ್ಯಾಗ ಐತಿ. ಅದಕ್ಕ ಇದರ ತಳ ಕಾಣಗೊಡೂದಿಲ್ಲ" ಎಂದು ಖಾಲಾ ನನ್ನೆದುರಿಗೇ ಹೇಳಿದ್ದಳು. ಆವಾಗ ನನ್ನ ಮಣಿಕಟ್ಟು ಆಕೆಯ ತೊಡೆಯ ಮೇಲಿತ್ತು, ಬಚ್ಚಲಲ್ಲಿ ಜಾರಿ ಬಿದ್ದು ಹೊರಳಿದ ಮಣಿಕಟ್ಟು. ಹನ್ನೊಂದು ದಿನ ತೀಡಿ ನೆಟ್ಟಗೆ ಮಾಡಿಕೊಟ್ಟಳು. ನಾನು ಕೇಳಿದ್ದೆ, ಕೇಳಿ ಒಳಗೊಳಗೇ ನಕ್ಕಿದ್ದೆ. ಎಣ್ಣೆಯಿಂದ ಏನಾಗುತ್ತದೆ, ತೀಡುವ ಕೈಯಿಂದ ಆಗುತ್ತದೆ ಎಂದು ನನ್ನ ಓದು ಹೇಳಿತ್ತು. ನನಗೆ ತಿಳಿದಿರಲಿಲ್ಲ ಎಂದು ಯಾರಾದರೂ ನನ್ನ ಪರ ಮಾತಾಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ತಿಳಿದಿತ್ತು.

ಖಾಲಾಳ ಸೊಸೆ ಕೂದಲಿನ ಕಾರ್ಖಾನೆಗೆ ಹೋಗುತ್ತಿದ್ದಳು. ನಮ್ಮ ಭಾಗ್ಯನಗರದಲ್ಲಿ ಅದೇ ದೊಡ್ಡ ಕೆಲಸ. ಎಲ್ಲೆಲ್ಲಿಂದಲೋ ಬಂದ ಕೂದಲಿನ ಗಂಟು ಬಿಡಿಸಿ, ಉದ್ದ ನೋಡಿ ಬೇರೆ ಮಾಡುವುದು. ಬೆಳಿಗ್ಗೆಯಿಂದ ಸಂಜೆತನಕ ಬಗ್ಗಿದ ಬೆನ್ನು, ಮೂಗಿನ ತುಂಬ ಧೂಳು. ಎರಡು ವರ್ಷದಿಂದ ಕೆಮ್ಮು ಹಿಡಿದಿತ್ತು, ನಾನೇ ಎಷ್ಟೋ ಸಲ ಬೈದಿದ್ದೆ. ಆ ವರ್ಷ ಖಾಲಾ ಗಟ್ಟಿ ಮನಸ್ಸು ಮಾಡಿದಳು. "ನನ್ನ ಕಣ್ಣ ಹೊಂಟಾವು. ಕೈ ಗಟ್ಟಿ ಇದ್ದಾಗ ಈಕಿಗೆ ಈ ಕೆಲಸಾ ಕಲಸ್ತೀನಿ. ಆಪರೇಷನ್ ಮುಗಿಸಿ ಬಂದು, ಈಕಿ ಕೈಲೇ ಎಣ್ಣಿ ಕಾಸಿಸಿ, ಸೀಸಾ ಈಕಿ ಉಡಿಗೆ ಹಾಕ್ತೀನಿ. ಕೂದಲಾ ಸಾಕು." ಸೊಸೆ ಆ ವಾರವೇ ಕಾರ್ಖಾನೆಗೆ ಬರುವುದಿಲ್ಲ ಎಂದು ಹೇಳಿ ಬಂದಳು. ಬಂದ ದಿನ ಓಣಿಯಲ್ಲೆಲ್ಲ ಶೀರಖುರ್ಮಾ ಹಂಚಿದಳು, ಯಾವ ಹಬ್ಬವೂ ಇಲ್ಲದೆ.

ಖಾಲಾ ಗಂಗಾವತಿಯ ಮಗಳ ಮನೆಗೆ ಆಪರೇಷನ್ನಿಗೆ ಹೊರಟಾಗ ಇತ್ತ ಮನೆಯ ಹಳೆ ತಗಡು ತೆಗೆದು ಹೊಸದು ಹೊದಿಸುವ ಕೆಲಸ ಹಿಡಿದಿದ್ದರು. ಗೌಂಡಿಗಳ ಕಾಲಲ್ಲಿ ಸೀಸೆ ಒಡೆದೀತೆಂದು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದಳು.

"ಇಡೀ ಓಣ್ಯಾಗ ಗಾಜಿಗೆ ಮರ್ಯಾದಿ ಇರೂದು ನಿನ್ನ ಮನ್ಯಾಗ ಒಂದ ಬೇಟಿ. ಬರೂತನಕಾ ಇಲ್ಲಿರಲಿ."

"ನಿಶ್ಚಿಂತಿ ಹೋಗಿ ಬರ್ರಿ ಖಾಲಾ" ಎಂದೆ.

ಹತ್ತು ದಿನ ಅದು ಅಡುಗೆಮನೆಯ ಕಪಾಟಿನಲ್ಲಿ ಅರಿವೆ ಸುತ್ತಿಕೊಂಡು ಕೂತಿತ್ತು. ಹನ್ನೊಂದನೇ ದಿನ ಮಧ್ಯಾಹ್ನ, ಮನೆಯವರು ಮಲಗಿದ್ದಾಗ, ಅರಿವೆ ಬಿಚ್ಚಿದೆ. ಸುಮ್ಮನೆ, ಕುತ್ತಿಗೆಯ ಹತ್ತಿರ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಉಗುರಿನಷ್ಟು ಜಾಗದಲ್ಲಿ ನೀಲಿ ಕಾಣಿಸಿತು. ನವಿಲಿನ ಕುತ್ತಿಗೆಯ ನೀಲಿ. ಕಂಪೌಂಡರರು ಕೊಟ್ಟ ನೀಲಿ ಬಾಟಲಿಯೂ ಸೇರಿ, ನನ್ನ ಕಿಟಕಿಯಲ್ಲಿ ಅಂಥ ಬಣ್ಣ ಒಂದಕ್ಕೂ ಇರಲಿಲ್ಲ.

ಬಾಯಿಯ ಅರಿವೆ ತೆಗೆದಾಗ ಕಮಟು ವಾಸನೆ ಬಡಿಯಿತು. ನಂಜು, ಅಂದುಕೊಂಡೆ. ನಾಳೆ ಈ ಹುಡುಗಿ ಇದನ್ನೇ ಜನರ ಮೈಗೆ ಹಚ್ಚುತ್ತಾಳೆ. ತೊಳೆದು ಫಳಫಳ ಮಾಡಿ ಕೊಟ್ಟರೆ ಖಾಲಾ ಬೆರಗಾಗುತ್ತಾಳೆ, ಹೊಸ ಎಣ್ಣೆ ತುಂಬಿಕೊಳ್ಳುತ್ತಾರೆ. ಹೀಗೆ ನನಗೆ ನಾನೇ ವಕೀಲಿ ಮಾಡಿಕೊಂಡೆ. ನಿಜ ಏನೆಂದರೆ ನನಗೆ ಆ ಬಣ್ಣ ಪೂರಾ ನೋಡಬೇಕಿತ್ತು. ಎಣ್ಣೆಯನ್ನು ಒಂದು ವಾಟಗಕ್ಕೆ ಸುರಿದಿಡಬಹುದಿತ್ತಲ್ಲ? ಅಷ್ಟೂ ತೋಚಲಿಲ್ಲ. ಬಚ್ಚಲ ಮೋರಿಗೆ ಬಗ್ಗಿಸಿದೆ. ದಪ್ಪಗೆ, ನಿಧಾನವಾಗಿ, ಕಾಕಂಬಿಯ ಹಾಗೆ ಇಳಿಯಿತು. ಮೇಲೆ ಕುದಿನೀರು ಹಾಕಿದೆ, ಸೋಡಾ ಹಾಕಿದೆ, ನುಚ್ಚಕ್ಕಿ ಹಾಕಿ ಅಲುಗಿಸಿದೆ. ಸಂಜೆಯ ಹೊತ್ತಿಗೆ ಸೀಸೆ ಹೊಳೆಯುತ್ತಿತ್ತು. ಹೊಟ್ಟೆಯ ಮೇಲೆ ಉಬ್ಬಿದ ಉರ್ದು ಅಕ್ಷರ, ಸುತ್ತ ಬಳ್ಳಿ. ನಿಜಾಮರ ಕಾಲದ್ದಿರಬೇಕು. ನಡುವಿನ ಹಲಗೆಯ ಮೇಲೆ ಇಟ್ಟು, ನೀರು ಹಾಕಿ, ಮನಿ ಪ್ಲಾಂಟಿನ ಕುಡಿ ನಿಲ್ಲಿಸಿದೆ. ಖಾಲಾ ಬರುವತನಕ ಅಷ್ಟೇ, ಅಂದುಕೊಂಡೆ. ಎರಡು ದಿನದಲ್ಲಿ ನನಗೆ ನಿದ್ದೆ ಕೆಟ್ಟಿತ್ತು. ಆದರೂ ಕಿಟಕಿಯಿಂದ ತೆಗೆಯಲಿಲ್ಲ.

ಇನ್ನು ಆವತ್ತಿನ ಪಡಸಾಲೆಗೆ ಬರುತ್ತೇನೆ.

"ಸೀಸಾ ಕೊಡು ಬೇಟಿ" ಅಂದಳು ಖಾಲಾ. "ಇವತ್ತ ಛಲೋ ದಿನ ಐತಿ. ಈಕಿ ಮುಂಜಾನೇನ ಎಣ್ಣಿ ತಂದಿಟ್ಟಾಳ."

ನಾನು ಬಾಯಿ ಬಿಡುವ ಮೊದಲೇ ನನ್ನ ನಾದಿನಿ ಕಿಟಕಿಯ ಕಡೆ ಕೈ ಮಾಡಿದಳು. ಅದು ಖಾಲಾಳದೆಂದು ಹಿಂದಿನ ದಿನ ನಾನೇ ಅವಳಿಗೆ ಹೇಳಿದ್ದೆ.

"ಅಲ್ಲೇ ಐತಲ್ರಿ, ನಡುವಿನ ನೀಲಿದು! ನಮ್ಮ ವೈನಿ ತಿಕ್ಕಿ ತಿಕ್ಕಿ ಹೆಂಗ್ ಮಾಡ್ಯಾರ ನೋಡ್ರಿ. ನಿನ್ನಿ ವಿಡಿಯೋ ಹಾಕೀನಿ, ಎಷ್ಟ್ ಮಂದಿ ಎಲ್ಲಿ ಸಿಗತೈತಿ ಅಂತ ಕೇಳಾಕ ಹತ್ಯಾರ."

ಖಾಲಾ ಕನ್ನಡಕ ತೆಗೆದಳು. ಎದ್ದು ಹೋಗಿ ಸೀಸೆ ಎತ್ತಿಕೊಂಡಳು. ಕುಡಿ ಎಳೆದು ಹಲಗೆಯ ಮೇಲಿಟ್ಟು, ಬಾಯಿಯನ್ನು ಮೂಗಿಗೆ ಹಿಡಿದಳು. ಆಮೇಲೆ ಸೀಸೆಯನ್ನು ಬಿಸಿಲಿಗೆ ಹಿಡಿದು, ತಳದಲ್ಲಿ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿದಳು. ಅಲ್ಲಿ ನೀರಿತ್ತು.

"ಒಳಗಿಂದು ಎಲ್ಲಿ ಐತಿ?"

"ಖಾಲಾ, ಅದು ಕಮಟ ಹಿಡದಿತ್ತು..."

"ಎಲ್ಲಿ ಹಾಕೀದಿ?"

"ಮೋರಿಗೆ."

ಪೇಪರು ಕೆಳಗಿಳಿಯಿತು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಹಾಗೆ ನೋಡಿದ್ದು ನೆನಪಿಲ್ಲ.

"ನಾ ಹೊಸಾ ಎಣ್ಣಿ ತರಸ್ತೀನಿ ಖಾಲಾ, ಗಾಣದ್ದ ತರಸ್ತೀನಿ" ಅಂದೆ. ನನ್ನ ದನಿ ನನಗೇ ಹೇಸಿಗೆ ಅನಿಸಿತು.

"ಹೆಪ್ಪ ಚೆಲ್ಲಿದ ಮ್ಯಾಲೆ ಕೊಡಾ ತುಂಬ ಹಾಲ ತಂದ್ರ ಏನ್ ಮಾಡೂದವ್ವಾ?"

ಸೊಸೆ ಎದ್ದು ಬಂದು ಆಕೆಯ ತೋಳು ಹಿಡಿದಳು. "ಬಿಡ್ರಿ ಅಮ್ಮೀ. ಮತ್ತ ಕಾಸೋಣು. ನಿಮ್ಮ ಕೈ ಐತಲ್ಲ."

"ನನ್ನ ಕೈ ಐತಿ. ನಮ್ಮತ್ತಿ ಬೇರು ಎಲ್ಲಿಂದ ತರ್ತಿ? ನಾನ ಕಂಡಿಲ್ಲ, ನಿನಗ ಏನ್ ತೋರಸ್ಲಿ?"

ಸೊಸೆ ಅಳಲಿಲ್ಲ. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದುಕೊಂಡು ಬಾಗಿಲ ಹೊರಗೆ ಹೋಗಿ ನಿಂತಳು.

ಖಾಲಾ ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಆಕೆ ಕುಡಿಯನ್ನು ಮತ್ತೆ ಸೀಸೆಯಲ್ಲಿ ಇಳಿಬಿಟ್ಟಳು. ಇದ್ದ ಜಾಗಕ್ಕೇ ಇಟ್ಟಳು. ತನ್ನ ಸೆರಗಿನಿಂದ ಹಲಗೆಯ ಮೇಲೆ ಬಿದ್ದ ನೀರು ಒರೆಸಿದಳು. ವಾಪಸು ಬಂದು ಕೂತು, ತಣ್ಣಗಾದ ಚಹಾವನ್ನು ಪೂರ್ತಿ ಕುಡಿದಳು. ನಮ್ಮಲ್ಲಿ ಕೊಟ್ಟ ಚಹಾ ಬಿಟ್ಟು ಎದ್ದರೆ ಮುನಿಸು ಅಂತ ಅರ್ಥ. ಆ ಒಂದು ಮುನಿಸನ್ನೂ ಆಕೆ ನನಗೆ ಕೊಡಲಿಲ್ಲ.

"ಛಂದ ಕಾಣತೈತಿ. ನಿಮ್ಮ ಮನ್ಯಾಗ ಇರಲಿ ಬಿಡ್ರಿ, ಸಿಸ್ಟರ್" ಅಂದಳು.

ಓಣಿಯೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತದೆ. ಆಕೆ ಎಂದೂ ಅಂದಿರಲಿಲ್ಲ.

ಅವರು ಹೋದ ಮೇಲೆ ನಮ್ಮ ಮನೆಯವರು ನನ್ನನ್ನು ಸಮಾಧಾನ ಮಾಡಲು ನೋಡಿದರು. "ಎಣ್ಣಿ ಅಂದ್ರ ಎಣ್ಣಿ. ಹೊಸಾದು ಕಾಸಿ ಅದ ಸೀಸಾಕ್ಕ ಹಾಕ್ಲಿ. ಬಂದವರಿಗೆ ಹೇಳಾಕ ಹೋಗಬ್ಯಾಡ್ರಿ ಅನ್ನು. ಯಾರಿಗೆ ತಿಳೀತೈತಿ?" ಮಾತು ಖರೆ. ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಖಾಲಾಳಿಗೆ ಅದು ಬರುತ್ತಿರಲಿಲ್ಲ, ಅಷ್ಟೇ. ನೋವು ಎಂದು ಬಂದವರನ್ನು ಕೂರಿಸಿ, ನೀರು ಕೊಟ್ಟು, "ಆ ಎಣ್ಣಿ ಹೋತ್ರೀ. ಈಗ ಇರೂದು ಬರೇ ಎಣ್ಣಿ" ಎಂದು ತಾನೇ ಹೇಳುತ್ತಿದ್ದಳಂತೆ. ಕೇಳಿದವರು ಹಾಗೇ ಎದ್ದು ಹೋಗುತ್ತಿದ್ದರು. ಹೇಗೆ ಹೋಯಿತು ಎಂದು ಕೇಳಿದವರಿಗೆ ನನ್ನ ಹೆಸರು ಮಾತ್ರ ಹೇಳಲಿಲ್ಲ. ಗೌಂಡಿಗಳ ಕಾಲು ತಾಗಿ ಚೆಲ್ಲಿತು ಎಂದು ಓಣಿ ಇವತ್ತಿಗೂ ನಂಬಿಕೊಂಡಿದೆ. ನಾನೂ ಬಾಯಿ ಬಿಟ್ಟು ತಿದ್ದಲಿಲ್ಲ. ಇದು ನಾನು ಮಾಡಿದ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ಒಂದು ಸಲ ಬಸ್ಸು ಹತ್ತಿ ಹೇಮಗುಡ್ಡಕ್ಕೆ ಹೋದೆ. ಗುಡಿಯ ಹತ್ತಿರ ಹೂ ಮಾರುವವರನ್ನು, ಕುರಿ ಕಾಯುವವರನ್ನು, ಕಂಡ ಕಂಡ ಮುದುಕರನ್ನೆಲ್ಲ ಕೇಳಿದೆ. ಉಳುಕಿಗೆ ಹಾಕುವ ಬೇರು ಯಾವುದು? ಒಬ್ಬೊಬ್ಬರು ಒಂದೊಂದು ತೋರಿಸಿದರು. ಅಗೆಸಿಕೊಂಡು ಚೀಲ ತುಂಬಿ ತಂದು ಖಾಲಾಳ ಅಂಗಳದಲ್ಲಿ ಸುರಿದೆ. ಆಕೆ ಒಂದೊಂದೇ ಬೇರನ್ನು ಉಗುರಿನಿಂದ ಗೀರಿ ಮೂಸಿದಳು. ಬೇರು ಕಂಡಿರದಿದ್ದರೂ ಹಳೆ ಎಣ್ಣೆಯ ವಾಸನೆ ಆಕೆಯ ಮೂಗಿಗೆ ಗೊತ್ತಿತ್ತು. "ಇದಲ್ಲ" ಅಂದಳು. ಮುಂದಿನದು ತೆಗೆದುಕೊಂಡಳು. "ಇದೂ ಅಲ್ಲ." ಚೀಲ ಮುಗಿಯುವತನಕ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಕಡೆಗೆ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟು, "ಬಿಸಲಾಗ ತಿರಗಬ್ಯಾಡ್ರಿ, ಬಿಪಿ ಐತಿ ನಿಮಗ" ಎಂದಳು.

ನಮ್ಮ ಮನೆಗೆ ಈಗಲೂ ಬಂದವರು ಕಿಟಕಿಯ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ. ನಡುವಿನ ನೀಲಿಯದು ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಅದನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕೋಣ ಎಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಬಚ್ಚಿಟ್ಟರೆ ಅದು ಮೂರನೆಯ ತಪ್ಪಾದೀತು ಎಂದು ಬಿಟ್ಟಿದ್ದೇನೆ. ಒಂದೊಂದು ಬಾಟಲಿ ನೋಡಿದಾಗಲೂ ಇದರೊಳಗೆ ಏನಿತ್ತೋ, ಯಾರದಿತ್ತೋ, ಎಷ್ಟನ್ನು ಸೋಡಾ ಹಾಕಿ ಮೋರಿಗೆ ಕಳಿಸಿದೆನೋ ಎಂಬ ಲೆಕ್ಕಕ್ಕೆ ಸಿಗದ ಯೋಚನೆ. ಹೊಸದೊಂದನ್ನು ನಾನು ಆಮೇಲೆ ಮನೆಗೆ ತಂದಿಲ್ಲ. ತಂದಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಆ ವರ್ಷದ ಮಳೆಗಾಲ ಶುರುವಾದಾಗ ಖಾಲಾಳ ಸೊಸೆ ಮತ್ತೆ ಕೂದಲಿನ ಕಾರ್ಖಾನೆಗೆ ಹೋಗತೊಡಗಿದಳು. ಅದಾಗಿ ಸ್ವಲ್ಪ ದಿನಕ್ಕೆ ಯಲಬುರ್ಗಾ ಕಡೆಯ ಒಬ್ಬ ಹೆಂಗಸನ್ನು ಆಕೆಯ ಗಂಡ ಆಟೋದಲ್ಲಿ ಕರೆದುಕೊಂಡು ಬಂದ. ಕಟ್ಟೆಯಿಂದ ಜಾರಿ ಆಕೆಯ ಕಾಲು ಉಳುಕಿತ್ತು, ಹಿಮ್ಮಡಿ ಬಾತುಕೊಂಡಿತ್ತು. ನಮ್ಮ ಬಾಗಿಲಲ್ಲಿ ನಿಲ್ಲಿಸಿ, "ಇಲ್ಲಿ ಎಣ್ಣಿ ಹಚ್ಚೋ ಅಮ್ಮಾರ ಮನಿ ಯಾವುದ್ರೀ?" ಎಂದು ಕೇಳಿದ. ನಾನು ಎದುರು ಮನೆ ತೋರಿಸಿದೆ. ಇಬ್ಬರೂ ಒಳಗೆ ಹೋದರು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿಗೆ ಹೊರಗೆ ಬಂದರು. ಗಂಡ ಹೆಂಡತಿಯನ್ನು ಎತ್ತಿ ಆಟೋದಲ್ಲಿ ಕೂರಿಸಿದ. ಆಟೋ ಕೊಪ್ಪಳದ ದೊಡ್ಡ ದವಾಖಾನೆಯ ದಾರಿ ಹಿಡಿಯಿತು.